ಹಳೆಯ ಹೊಗೆಗೆ ರಿಯಾಯಿತಿ

1970ರ ಡಿಸೆಂಬರ್ 31ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಶುದ್ಧ ಗಾಳಿ ಕಾಯ್ದೆಗೆ ಸಹಿ ಹಾಕಿದರು. ಪರಿಸರ ಚಳವಳಿಯ ದೊಡ್ಡ ಗೆಲುವು ಅದು ಎಂದೇ ನಾನು ಓದಿಕೊಂಡು ಬಂದಿದ್ದೆ. ಗೆಲುವು ನಿಜ. ಆದರೆ ಆ ಗೆಲುವಿನಲ್ಲಿ ಹಳೆಯ ಕಾರ್ಖಾನೆಗಳಿಗೂ ಪಾಲಿತ್ತು ಎಂಬುದು ನನಗೆ ತಿಳಿದದ್ದು ತಡವಾಗಿ.

ಕಾಯ್ದೆಯಡಿ ರೂಪುಗೊಂಡ ಕಟ್ಟುನಿಟ್ಟಾದ ರಾಷ್ಟ್ರೀಯ ಮಿತಿ ಹೊಸ ಸ್ಥಾವರಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹಳೆಯವುಗಳ ಹೊಣೆಯನ್ನು ಬಹುಪಾಲು ರಾಜ್ಯಗಳಿಗೆ ಬಿಡಲಾಯಿತು. ಅನೇಕ ಸ್ಥಾವರಗಳು ಚಿಮಣಿಯನ್ನು ಎತ್ತರಿಸಿ, ಹೊಗೆಯನ್ನು ದೂರದ ಊರುಗಳಿಗೆ ಸಾಗಹಾಕಿ ಪಾರಾದವು. ಹೇಗೂ ಅವು ಕೆಲವು ದಶಕಗಳಲ್ಲಿ ಮುಚ್ಚಿಹೋಗುತ್ತವೆ ಎಂಬ ಎಣಿಕೆ ಇತ್ತು.

1977ರ ತಿದ್ದುಪಡಿ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. ಅಲ್ಲಿಯವರೆಗೆ ಗಂಧಕ ಕಡಿಮೆಯಿರುವ ಪಶ್ಚಿಮದ ಕಲ್ಲಿದ್ದಲನ್ನು ಸುಟ್ಟರೂ ಹೊಸ ಸ್ಥಾವರಕ್ಕೆ ಮಿತಿಯೊಳಗೆ ಉಳಿಯಲು ಸಾಧ್ಯವಿತ್ತು. ಇನ್ನು ಯಾವ ಕಲ್ಲಿದ್ದಲಾದರೂ ಹೊಗೆ ತೊಳೆಯುವ ದುಬಾರಿ ಯಂತ್ರ ಬೇಕಾಯಿತು. ಗಂಧಕ ಹೆಚ್ಚಿರುವ ಪೂರ್ವದ ಗಣಿಗಳ ಹಿತವೂ ಪರಿಸರವಾದಿಗಳ ಆಗ್ರಹವೂ ಇಲ್ಲಿ ಕೈಜೋಡಿಸಿದ್ದವು. ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನೇ ತೇಪೆ ಹಾಕಿ ಓಡಿಸುವುದು ಅಗ್ಗವಾಯಿತು. ಮುಚ್ಚಬೇಕಿದ್ದ ಸ್ಥಾವರಗಳ ಆಯಸ್ಸು ಬೆಳೆಯಿತು.

ಅರ್ಥಶಾಸ್ತ್ರಜ್ಞರಾದ ಬುಕಾನನ್ ಮತ್ತು ಟುಲಕ್ 1975ರಲ್ಲೇ ಇಂಥದ್ದೊಂದು ವಾದ ಮಂಡಿಸಿದ್ದರು: ಮಾಲಿನ್ಯ ತೆರಿಗೆಯನ್ನು ವಿರೋಧಿಸುವ ಉದ್ಯಮ ನೇರ ನಿಯಂತ್ರಣವನ್ನು ಒಪ್ಪಿಕೊಳ್ಳಬಹುದು. ಏಕೆಂದರೆ ತೆರಿಗೆ ಎಲ್ಲರ ಕಿಸೆಗೂ ಕೈಹಾಕುತ್ತದೆ. ನಿಯಂತ್ರಣವಾದರೋ ಹೊಸಬರನ್ನು ಬಾಗಿಲಲ್ಲೇ ತಡೆದು ಒಳಗಿದ್ದವರ ಲಾಭ ಕಾಯಬಲ್ಲದು.

1990ರಲ್ಲಿ ಆಮ್ಲಮಳೆಯನ್ನು ತಡೆಯಲು ಮತ್ತೆ ತಿದ್ದುಪಡಿ ಬಂತು. 1995ರಿಂದ 110 ಹಳೆಯ ಸ್ಥಾವರಗಳ ಗಂಧಕದ ಹೊಗೆಗೆ ಮಿತಿ ಬಿತ್ತು, ಹೊಗೆ ನಿಜಕ್ಕೂ ಇಳಿಯಿತು. ಆದರೆ ಹೊಗೆ ಬಿಡುವ ಪರವಾನಗಿಗಳು ಹಳಬರಿಗೆ ಬಹುಪಾಲು ಪುಕ್ಕಟೆಯಾಗಿ ಸಿಕ್ಕವು. ಆಮೇಲೆ ಬಂದವರು ಅವನ್ನು ಕೊಳ್ಳಬೇಕಾಯಿತು.

ಇದು ಪರದೇಶದ ಕತೆ ಎಂದು ಪುಸ್ತಕ ಮುಚ್ಚುವಂತಿಲ್ಲ. 2015ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಹೊಸ ಮಿತಿಗಳನ್ನು ಪ್ರಕಟಿಸಿತು. ಪ್ರತಿ ಘನ ಮೀಟರ್ ಹೊಗೆಯಲ್ಲಿ ಇರಬಹುದಾದ ದೂಳು, 2003ರೊಳಗೆ ಸ್ಥಾಪನೆಯಾದ ಘಟಕಗಳಿಗೆ 100 ಮಿಲಿಗ್ರಾಂ, 2016ರವರೆಗಿನವಕ್ಕೆ 50, ಆನಂತರದವಕ್ಕೆ 30. ಹಳೆಯದನ್ನು ಬದಲಿಸುವುದು ಕಷ್ಟ ಎಂಬ ಕಾರಣ ಸುಳ್ಳಲ್ಲ. ಆದರೂ ಈ ಅಂಕಿಗಳನ್ನು ನೋಡುವಾಗ ನನಗೆ 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರಿನ ಸ್ಥಾವರ ನೆನಪಾಗುತ್ತದೆ. ಅದರ ಪಕ್ಕದಲ್ಲೇ ಇಂದು ಇನ್ನೊಂದನ್ನು ಕಟ್ಟಿದರೆ ಎರಡು ಚಿಮಣಿಗಳಿಗೆ ಎರಡು ನಿಯಮ. ಕೆಳಗೆ ಉಸಿರಾಡುವ ಊರು ಮಾತ್ರ ಒಂದೇ.