ಜೋನಾ ಲೋಮು

ಜೋನಾ ಲೋಮು (12 ಮೇ 1975 – 18 ನವೆಂಬರ್ 2015) ನ್ಯೂಜಿಲೆಂಡಿನ ರಗ್ಬಿ ಯೂನಿಯನ್ ಆಟಗಾರ. ಟೋಂಗಾ ಮೂಲದ ಕುಟುಂಬದಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದರು. ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್ ಪರ 63 ಟೆಸ್ಟ್ ಆಡಿ 37 ಟ್ರೈ ಗಳಿಸಿದರು. ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ ಅದು ಟ್ರೈ. ಅದಕ್ಕೆ 5 ಅಂಕ. ವಿಶ್ವಕಪ್ಪಿನಲ್ಲಿ ಅವರು ಗಳಿಸಿದ ಟ್ರೈಗಳು 15. ಲೋಮು ಹೆಸರು ಬಂದಾಗಲೆಲ್ಲ 1.96 ಮೀಟರ್ ಎತ್ತರ, 120 ಕಿಲೋ ಆಸುಪಾಸಿನ ತೂಕದ ಮಾತು ಮೊದಲು ಬರುತ್ತದೆ, ಸಾಧನೆಯೆಲ್ಲ ದೇಹದ ಕೊಡುಗೆ ಎಂಬಂತೆ. ಈ ವಿವರಣೆ ಸಾಲದು. ಅವರ ವೃತ್ತಿಜೀವನವನ್ನು ಆರಂಭದಿಂದ ನೋಡುತ್ತ ಬಂದರೆ ಮೈಕಟ್ಟಿಗಿಂತ ಕಲಿಕೆಯೇ ಹೆಚ್ಚು ಕೆಲಸ ಮಾಡಿದ್ದು ಕಾಣುತ್ತದೆ.

ಮೊದಲ ಸಾಕ್ಷ್ಯ ಅವರ ಸೋಲಿನದೇ. 1994ರ ಜೂನ್ 26ರಂದು ಕ್ರೈಸ್ಟ್‌ಚರ್ಚಿನಲ್ಲಿ ಫ್ರಾನ್ಸ್ ವಿರುದ್ಧ ಕಣಕ್ಕಿಳಿದಾಗ ಅವರ ವಯಸ್ಸು 19 ವರ್ಷ 45 ದಿನ. ಅಷ್ಟು ಚಿಕ್ಕವಯಸ್ಸಿನ ಟೆಸ್ಟ್ ಆಟಗಾರ ಆಲ್ ಬ್ಲ್ಯಾಕ್ಸ್‌ನಲ್ಲಿ ಅದುವರೆಗೆ ಇರಲಿಲ್ಲ. ಶಾಲೆಯಲ್ಲಿ ಸ್ಕ್ರಮ್ಮಿನೊಳಗೆ ತಳ್ಳಾಡುವ ಫಾರ್ವರ್ಡ್ ಆಗಿ ಬೆಳೆದ ಹುಡುಗನನ್ನು ಅಂಚಿನಲ್ಲಿ ಓಡುವ ವಿಂಗ್ ಸ್ಥಾನಕ್ಕೆ ಆಗಷ್ಟೇ ತಂದು ನಿಲ್ಲಿಸಲಾಗಿತ್ತು. ಎಲ್ಲಿ ನಿಲ್ಲಬೇಕು, ಬೆನ್ನ ಹಿಂದೆ ಬೀಳುವ ಚೆಂಡಿಗೆ ಯಾವಾಗ ತಿರುಗಬೇಕು ಎಂಬುದು ಇನ್ನೂ ಕೈಗೆ ಹತ್ತಿರಲಿಲ್ಲ. ಸರಣಿಯ ಎರಡೂ ಟೆಸ್ಟ್‌ಗಳನ್ನು ನ್ಯೂಜಿಲೆಂಡ್ ಸೋತಿತು, ಲೋಮು ತಂಡದಿಂದ ಹೊರಬಿದ್ದರು. ದೇಹವೊಂದೇ ಸಾಕಾಗಿದ್ದರೆ ಆ ಎರಡು ಪಂದ್ಯಗಳಲ್ಲೂ ಅದು ಅವರ ಜೊತೆಗೇ ಇತ್ತಲ್ಲ. ಮರುವರ್ಷ ದಕ್ಷಿಣ ಆಫ್ರಿಕಾದ ವಿಶ್ವಕಪ್ಪಿನಲ್ಲಿ ಕಂಡವರು ಬೇರೆಯೇ ಆಟಗಾರ. ಐದು ಪಂದ್ಯಗಳಲ್ಲಿ ಏಳು ಟ್ರೈ. ಅವುಗಳಲ್ಲಿ ನಾಲ್ಕು, ಜೂನ್ 18ರಂದು ಕೇಪ್‌ಟೌನಿನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ 45–29ರಿಂದ ಗೆದ್ದ ಸೆಮಿಫೈನಲ್ಲಿನವು.

ಆ ಪಂದ್ಯದ ಮೊದಲ ಟ್ರೈಯನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಅದರ ಕೊನೆಯ ಕ್ಷಣಕ್ಕಾಗಿ: ಅಡ್ಡ ನಿಂತ ಮೈಕ್ ಕ್ಯಾಟ್‌ರನ್ನು ಲೋಮು ಮೆಟ್ಟಿಕೊಂಡೇ ಹೋದರು. ಅದಕ್ಕೂ ಹಿಂದಿನ ಕ್ಷಣಗಳನ್ನು ನೋಡಬೇಕು. ಪಾಸ್ ಸರಿಯಾಗಿ ಕೈಗೆ ಬರಲಿಲ್ಲ. ನಿಂತು, ತಿರುಗಿ ಚೆಂಡನ್ನು ಹಿಡಿದರು. ಎದುರಿದ್ದ ಟೋನಿ ಅಂಡರ್‌ವುಡ್‌ರನ್ನು ಗುದ್ದದೆ ಹೊರಬದಿಯಿಂದ ಸುತ್ತಿ ಹಾದರು. ವಿಲ್ ಕಾರ್ಲಿಂಗ್ ಹಿಂದಿನಿಂದ ಬಂದು ತಡೆಯಲು ನೋಡಿದಾಗ ಮುಗ್ಗರಿಸಿದರೂ ಬೀಳಲಿಲ್ಲ. ಮೂವರಲ್ಲಿ ಒಬ್ಬರನ್ನು ವೇಗದಿಂದ, ಇನ್ನೊಬ್ಬರನ್ನು ಸಮತೋಲದಿಂದ ದಾಟಿದ ಮೇಲೆ, ತೂಕ ಬಳಕೆಯಾದದ್ದು ಮೂರನೆಯವರ ಮೇಲೆ ಮಾತ್ರ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪವೊಂದಿದೆ. ಲೋಮು ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟಿನಲ್ಲಿ ಒಂದೂ ಟ್ರೈ ಗಳಿಸಲಿಲ್ಲ. ಅದೇ ವಿಶ್ವಕಪ್ಪಿನಲ್ಲಿ, ಜೂನ್ 24ರಂದು ಜೋಹಾನ್ಸ್‌ಬರ್ಗಿನ ಎಲ್ಲಿಸ್ ಪಾರ್ಕಿನಲ್ಲಿ ಅವರ ವಿರುದ್ಧವೇ ನಡೆದ ಫೈನಲ್ಲಿನಲ್ಲೂ ಇಲ್ಲ. ನ್ಯೂಜಿಲೆಂಡ್ ಹೆಚ್ಚುವರಿ ಸಮಯದಲ್ಲಿ 15–12ರಿಂದ ಸೋತಿತು. ದೇಹಕ್ಕೆ ದೇಹ ಸಿಕ್ಕಿದಾಗ ಆಟ ಮುಗಿಯಿತು ಎಂದು ಇದರಿಂದ ಹೇಳುವವರಿದ್ದಾರೆ. ಆದರೆ ಅವರನ್ನು ಅಲ್ಲಿ ತಡೆದವರು ದೈತ್ಯರಲ್ಲ. ಜೇಮ್ಸ್ ಸ್ಮಾಲ್, ಯೋಸ್ಟ್ ವಾನ್ ಡರ್ ವೆಸ್ಟ್‌ಹೇಜನ್ ಇಬ್ಬರೂ ಲೋಮುಗಿಂತ ಬಹಳ ಹಗುರ. ಕಬಡ್ಡಿಯಲ್ಲಿ ರೇಡರನ ಕಾಲು ಸಿಕ್ಕೊಡನೆ ಉಳಿದವರು ಮೇಲೆ ಬೀಳುವಂತೆ ಕೆಳಗೆ ಬಾಗಿ ಹಿಡಿದರು, ಓಟ ಬಿರುಸಾಗುವ ಮೊದಲೇ ಜಾಗ ಮುಚ್ಚಿದರು. ಅಜೇಯ ಎಂಬ ಮಾತು ಲೋಮುಗೆ ಒಪ್ಪುವುದಿಲ್ಲ, ಅಷ್ಟನ್ನು ಒಪ್ಪಲೇಬೇಕು. ಆದರೆ ಆ ಫೈನಲ್ ತೋರಿಸುವುದು ಇಷ್ಟೇ: ಗಾತ್ರಕ್ಕೆ ಗಾತ್ರವೇ ಮದ್ದಲ್ಲ.

ದೇಹದ ಕಥೆ ಇಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ಕಾಲದ ಕಾರಣವೂ ಇದೆ. ಫೈನಲ್ಲಿನ ಹಿಂದಿನ ದಿನ, ನ್ಯೂಸ್ ಕಾರ್ಪೊರೇಷನ್ ಜೊತೆ ಹತ್ತು ವರ್ಷಕ್ಕೆ 55 ಕೋಟಿ ಅಮೆರಿಕನ್ ಡಾಲರುಗಳ ಪ್ರಸಾರ ಒಪ್ಪಂದವನ್ನು ದಕ್ಷಿಣ ಗೋಳಾರ್ಧದ ಮೂರು ರಗ್ಬಿ ಮಂಡಳಿಗಳು ಪ್ರಕಟಿಸಿದ್ದವು. ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಮಂಡಳಿ ಹವ್ಯಾಸಿ ಕಟ್ಟಳೆಯನ್ನೇ ಕೈಬಿಟ್ಟಿತು. ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡುವ ಕಾಲ ಬಂತು. ಇದನ್ನೆಲ್ಲ ತಂದದ್ದು ಲೋಮು ಒಬ್ಬರೇ ಎನ್ನುವುದು ಉತ್ಪ್ರೇಕ್ಷೆ. ಹೊಸ ವೃತ್ತಿಪರ ರಗ್ಬಿಗೆ ಟಿವಿಯಲ್ಲಿ ತೋರಿಸಲು ಒಂದು ಚಿತ್ರ ಬೇಕಿತ್ತು, ಜನರನ್ನು ಬೀಳಿಸಿಕೊಂಡು ಓಡುವ ಲೋಮು ಆ ಚಿತ್ರವಾದರು. ಕಲಿಕೆಯನ್ನು ಹತ್ತು ಸೆಕೆಂಡುಗಳ ತುಣುಕಿನಲ್ಲಿ ತೋರಿಸಲಾಗುವುದಿಲ್ಲ.

ಆ ಬಲಿಷ್ಠ ದೇಹ ಒಳಗಿನಿಂದ ಕುಸಿಯುತ್ತಿತ್ತು ಎಂಬುದು ಈ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಆಧಾರ. 1995ರ ಕೊನೆಯ ಹೊತ್ತಿಗೆ ಮೂತ್ರಪಿಂಡದ ನೆಫ್ರಾಟಿಕ್ ಸಿಂಡ್ರೋಮ್ ಪತ್ತೆಯಾಯಿತು. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಹರಿದುಹೋಗಿ ಮೈ ಬಾತುಕೊಳ್ಳುವ, ಸುಸ್ತು ಕಾಡುವ ಕಾಯಿಲೆ ಅದು. ಚಿಕಿತ್ಸೆಗಾಗಿ ಆಟದಿಂದ ದೂರ ಉಳಿಯಬೇಕಾಯಿತು. ಮರಳಿ ಬಂದು 1998ರ ಕೌಲಾಲಂಪುರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏಳೇಳು ಮಂದಿ ಆಡುವ ಸೆವೆನ್ಸ್ ರಗ್ಬಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1999ರ ವಿಶ್ವಕಪ್ಪಿನಲ್ಲಿ ಎಂಟು ಟ್ರೈ ಗಳಿಸಿದರು. ಆರೋಗ್ಯ ಚೆನ್ನಾಗಿದ್ದಿದ್ದರೆ ಇನ್ನೆಷ್ಟು ಗಳಿಸುತ್ತಿದ್ದರೋ ಎಂದು ಕೊರಗುವುದು ಸಹಜ, ಆದರೆ ಆ ಕೊರಗಿನಲ್ಲಿ ನಿಜವಾಗಿ ನಡೆದದ್ದರ ಬೆಲೆ ಮರೆಯಾಗುತ್ತದೆ. ರೋಗಪೀಡಿತ ಮೂತ್ರಪಿಂಡಗಳನ್ನು ಹೊತ್ತು, 1995ರದಕ್ಕಿಂತ ಒಂದು ಟ್ರೈ ಹೆಚ್ಚೇ ಗಳಿಸಿದ ಆಟವನ್ನು ಬರಿಯ ಮೈಬಲ ಎಂದು ಕರೆಯುವುದು ಹೇಗೆ?

2002ರಲ್ಲಿ ಕೊನೆಯ ಟೆಸ್ಟ್, 2003ರಲ್ಲಿ ಡಯಾಲಿಸಿಸ್, 2004ರಲ್ಲಿ ಮೂತ್ರಪಿಂಡ ಕಸಿ. ಮರುವರ್ಷವೇ ವೇಲ್ಸಿನ ಕಾರ್ಡಿಫ್ ಬ್ಲೂಸ್ ಪರ ವೃತ್ತಿಪರ ಆಟಕ್ಕೆ ಮರಳಿದರು. ವೇಗ ಹಿಂದಿನದಲ್ಲ, ಆಲ್ ಬ್ಲ್ಯಾಕ್ಸ್ ಬಾಗಿಲು ಮತ್ತೆ ತೆರೆಯಲಿಲ್ಲ. 2011ರಲ್ಲಿ ಕಸಿ ಮಾಡಿದ ಮೂತ್ರಪಿಂಡ ವಿಫಲವಾಗಿ ಮತ್ತೆ ಡಯಾಲಿಸಿಸ್ ಮೊದಲಾಯಿತು. 40ನೆಯ ವಯಸ್ಸಿನಲ್ಲಿ ಆಕ್ಲೆಂಡಿನಲ್ಲಿ ತೀರಿಕೊಂಡರು. ಅವರ ನಂತರ ಬೃಹತ್ಕಾಯದ ವಿಂಗ್ ಆಟಗಾರರು ಅನೇಕರು ಬಂದರು. ವಿಶ್ವಕಪ್ಪಿನ ಆ 15 ಟ್ರೈಗಳನ್ನು 2015ರಲ್ಲಿ ಸರಿಗಟ್ಟಿದವರು ಮಾತ್ರ ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನ; ಎತ್ತರದಲ್ಲೂ ತೂಕದಲ್ಲೂ ಲೋಮುಗಿಂತ ಬಹಳ ಚಿಕ್ಕವರು.