ಒಂದೇ ರೋಗ, ಎರಡು ಹೆಸರು

ನಾನು ವೈದ್ಯನಲ್ಲ, ಪಶುವೈದ್ಯನಂತೂ ಅಲ್ಲವೇ ಅಲ್ಲ. ಕನ್ನಡ ಎಂ.ಎ. ಮಾಡಿ, ಮೂರು ದಶಕಗಳಿಗೂ ಮಿಕ್ಕು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಅಂಥವನು ನಾಯಿಯ ಚರ್ಮರೋಗದ ಚರಿತ್ರೆಯನ್ನು ಹೇಳಹೊರಟರೆ ಶ್ರೋತೃಗಳಿಗೆ ಸೋಜಿಗವಾದೀತು. ಆದರೆ ಈ ಚರಿತ್ರೆಯ ಒಳಗೆ ಹೆಸರುಗಳ ಒಂದು ಕಥೆಯಿದೆ. ಹೆಸರುಗಳ ವಿಚಾರ ನನ್ನ ಕಸುಬಿಗೆ ಹೊರತಾದುದಲ್ಲ.

1971ರ ಮಾತು. ನನಗಾಗ ಹತ್ತು ವರ್ಷ. ನಮ್ಮ ಮನೆಯಲ್ಲಿ ಕೆಂಚ ಎಂಬ ನಾಯಿಯಿತ್ತು. ಆ ಮಳೆಗಾಲದಲ್ಲಿ ಅದರ ಮುಖದ ಮೇಲೆ, ಮುಂಗಾಲಿನ ಮೇಲೆ ದುಂಡುದುಂಡಾಗಿ ಕೂದಲು ಉದುರಿ ಬೂದಿ ಬಣ್ಣದ ಹೊಪ್ಪಳೆ ಎದ್ದಿತು. ವಾರ ಹದಿನೈದು ದಿನಗಳಲ್ಲಿ ನನ್ನ ತಂಗಿಯ ಮುಂದೋಳಿನಲ್ಲಿಯೂ ಬಳೆಯಾಕಾರದ ಒಂದು ಕೆಂಪು ಗುರುತು ಕಾಣಿಸಿಕೊಂಡಿತು. ತಂಗಿಗೆ ಬಂದುದನ್ನು ಮನೆಯವರು ಹುಳುಕಡ್ಡಿ ಎಂದರು. ಅಜ್ಜಿ ತಗಚೆಯ ಬೀಜವನ್ನು ಹುಳಿಮಜ್ಜಿಗೆಯಲ್ಲಿ ಅರೆದು ಹಚ್ಚಿದರು. ಕೆಂಚನಿಗೆ ಬಂದುದನ್ನು ಕಜ್ಜಿ ಎಂದರು. ಗೋಣಿಚೀಲದಲ್ಲಿ ಹಾಕಿ, ಗಾಡಿಯಲ್ಲಿ ಒಯ್ದು, ಕೆರೆಯಾಚೆ ಬಿಟ್ಟು ಬಂದರು. ಮೂರನೆಯ ದಿನ ಅದು ಹಿಂದಿರುಗಿ ಬಂದು ಬಾಗಿಲ ಮುಂದೆ ನಿಂತಿತು. ಹಿರಿಯರು ಹೇಳಿದರೆಂದು ಬಾಗಿಲು ಹಾಕಿದವನು ನಾನು. ಮತ್ತೆ ಅದನ್ನು ಹೊಳೆಯಾಚೆಗೆ ಒಯ್ದರು. ಆಮೇಲೆ ಅದು ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೊಮ್ಮಗನ ನಾಯಿಮರಿಗೂ ಅಂಥದೇ ದುಂಡು ಗುರುತು ಎದ್ದಾಗ ಪಶುವೈದ್ಯರ ಬಳಿಗೆ ಹೋದೆವು. ಅವರು ಕೋಣೆಯನ್ನು ಕತ್ತಲೆ ಮಾಡಿ ನೇರಳೆ ಬಣ್ಣದ ದೀಪವೊಂದನ್ನು ಮರಿಯ ಮೈಮೇಲೆ ಹಿಡಿದರು. ಗುರುತಿನ ಅಂಚಿನ ಕೂದಲುಗಳು ಎಳೆ ಹಸಿರಾಗಿ ಬೆಳಗಿದವು. "ಇದು ಕಜ್ಜಿಯಲ್ಲ ಸಾರ್, ಬೂಷ್ಟು. ಮನುಷ್ಯರಿಗೂ ಹತ್ತುತ್ತದೆ, ಔಷಧಿಗೆ ವಾಸಿಯಾಗುತ್ತದೆ" ಎಂದರು. ಕಜ್ಜಿ ಬರುವುದು ಕಣ್ಣಿಗೆ ಕಾಣದ ಒಂದು ಜಾತಿಯ ನುಸಿಯಿಂದ. ಇದಾದರೋ ಶಿಲೀಂಧ್ರ, ಕೂದಲನ್ನೂ ಚರ್ಮದ ಮೇಲ್ಪದರವನ್ನೂ ತಿಂದು ಬದುಕುವಂಥದು. ಹೊಕ್ಕ ಕೂದಲು ಪೆಡಸಾಗಿ ಮುರಿಯುತ್ತದೆ. ನಡುವೆ ಮಾಯುತ್ತ ಅಂಚಿನಲ್ಲಿ ಹಬ್ಬುವುದರಿಂದ ಬಳೆಯ ಆಕಾರ ಬರುತ್ತದೆ. ಅರ್ಧ ಶತಮಾನ ಕಳೆದ ಮೇಲೆ ನನಗೆ ಹೊಳೆಯಿತು: ತಂಗಿಗೂ ಕೆಂಚನಿಗೂ ಬಂದಿದ್ದುದು ಬಹುಶಃ ಒಂದೇ ರೋಗ. ಒಬ್ಬರಿಗೆ ಮದ್ದು ಸಿಕ್ಕಿತು, ಮತ್ತೊಬ್ಬರಿಗೆ ಗಡಿಪಾರು.

ಹೆಸರಿನ ತಪ್ಪು ನಮ್ಮದು ಮಾತ್ರವಲ್ಲ. ಹುಳುಕಡ್ಡಿ ಎಂಬಲ್ಲಿ ಹುಳುವಿದೆ. ಇಂಗ್ಲಿಷಿನ ಹೆಸರಿನಲ್ಲಿಯೂ ಹುಳುವಿದೆ. ಲ್ಯಾಟಿನ್ನಿನ 'ಟೀನಿಯ' ಎಂದರೆ ಬಟ್ಟೆ ತಿನ್ನುವ ಹುಳು. ನಮ್ಮ ಆಯುರ್ವೇದ ಇದನ್ನು ದದ್ರು ಎಂದು ಕರೆದು ಕುಷ್ಠಗಳ ಸಾಲಿನಲ್ಲಿ ಇಟ್ಟಿತು. ಸುಶ್ರುತ ಮಹಾಕುಷ್ಠವೆಂದರೆ ಚರಕ ಕ್ಷುದ್ರಕುಷ್ಠವೆಂದ. ಅಜ್ಜಿ ಅರೆದ ತಗಚೆಗೆ ಸಂಸ್ಕೃತದಲ್ಲಿ ಚಕ್ರಮರ್ದವೆಂದು ಹೆಸರು. ಚಕ್ರವನ್ನು ಕಂಡವರಿದ್ದರು, ಚಕ್ರವನ್ನು ಬರೆದ ಕೈಯನ್ನು ಕಂಡವರಿರಲಿಲ್ಲ.

ಆ ಕೈಯನ್ನು ತೋರಿಸಿಕೊಟ್ಟುದು ರೇಷ್ಮೆಹುಳು. ಇಟಲಿಯ ಅಗೊಸ್ಟೀನೊ ಬಾಸ್ಸಿ ಎಂಬಾತ ರೇಷ್ಮೆಹುಳುಗಳು ಬಿಳಿಯ ಪುಡಿ ಮೆತ್ತಿಕೊಂಡು ಸೆಟೆದು ಸಾಯುವ ರೋಗವನ್ನು ಬಹುಕಾಲ ಪರೀಕ್ಷಿಸಿ, ಅದಕ್ಕೆ ಶಿಲೀಂಧ್ರವೇ ಕಾರಣವೆಂದು 1835ರಲ್ಲಿ ಪ್ರಕಟಿಸಿದ. ನಮ್ಮ ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗವೆನ್ನುವುದು ಇದನ್ನೇ. ಬಾಸ್ಸಿಯ ಶೋಧ ಮನುಷ್ಯರ ವೈದ್ಯರ ಕಣ್ಣನ್ನೂ ತೆರೆಸಿತು. ತಲೆಯ ಮೇಲೆ ಜೇನುಹುಟ್ಟಿನಂತೆ ಹೊಪ್ಪಳೆಗಟ್ಟುವ ಫೇವಸ್ ಎಂಬ ರೋಗದಲ್ಲಿ ಬರ್ಲಿನ್ನಿನ ರೊಬರ್ಟ್ ರೆಮಾಕ್ 1837ರಲ್ಲಿ ಶಿಲೀಂಧ್ರದ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. 1839ರಲ್ಲಿ ಶ್ಯೋನ್‌ಲೈನ್ ಅವು ಶಿಲೀಂಧ್ರವೇ ಎಂದು ಸಾರಿದ. ಪ್ಯಾರಿಸಿನಲ್ಲಿ ನೆಲಸಿದ್ದ ಹಂಗೆರಿಯ ಡೇವಿಡ್ ಗ್ರೂಬಿ, ಇವರ ಕೆಲಸದ ಅರಿವಿಲ್ಲದೆ, 1841ರಲ್ಲಿ ಅದೇ ತೀರ್ಮಾನಕ್ಕೆ ಬಂದ. 1843ರಲ್ಲಿ ಮಕ್ಕಳ ತಲೆಗೂದಲಿನ ಮತ್ತೊಂದು ಶಿಲೀಂಧ್ರವನ್ನು ವರ್ಣಿಸಿ, ರೇಷ್ಮೆಹುಳುವಿನ ಅದೇ ರೋಗವನ್ನು ಅಭ್ಯಾಸ ಮಾಡಿದ್ದ ಆಡೂಯೆಂನ ಹೆಸರನ್ನು ಅದಕ್ಕಿಟ್ಟ.

ಗ್ರೂಬಿಯ ಮಾತನ್ನು ವೈದ್ಯಲೋಕ ಸುಮಾರು ಐವತ್ತು ವರ್ಷ ಮರೆತೇ ಬಿಟ್ಟಿತು. 1890ರ ದಶಕದಲ್ಲಿ ಪ್ಯಾರಿಸಿನ ರೇಮೊ ಸಬೂರೊ ಅದನ್ನು ಮತ್ತೆ ಎತ್ತಿಹಿಡಿದು, ಶಿಲೀಂಧ್ರಗಳನ್ನು ಗಾಜಿನ ನಳಿಕೆಯಲ್ಲಿ ಬೆಳೆಸಿ ಬೇರೆಬೇರೆಯಾಗಿ ಗುರುತಿಸಿದ. ನಾಯಿಯ ಶಿಲೀಂಧ್ರಕ್ಕೆ ಬೊಡೆಂ ಎಂಬ ವಿದ್ವಾಂಸ ಕೊಟ್ಟ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಹೆಸರು 1902ರಿಂದ ನಿಂತಿತು. ಇಲ್ಲಿಯೂ ಹೆಸರು ನಾಯಿಗೆ ಅನ್ಯಾಯವನ್ನೇ ಮಾಡಿದೆ. ಈ ಶಿಲೀಂಧ್ರದ ಮುಖ್ಯ ನೆಲೆ ಬೆಕ್ಕು. ಎಷ್ಟೋ ಬೆಕ್ಕುಗಳು ಯಾವ ಗುರುತನ್ನೂ ತೋರದೆ ಅದನ್ನು ಹೊತ್ತು ತಿರುಗುತ್ತವೆ.

ರೋಗಕಾರಣ ತಿಳಿದ ಮಾತ್ರಕ್ಕೆ ವಿವೇಕ ಬಂತೆಂದಲ್ಲ. ಕೂದಲನ್ನು ಒಂದೊಂದಾಗಿ ಕೀಳುವ ಕಷ್ಟವನ್ನು ತಪ್ಪಿಸಲು ಸಬೂರೊ 1904ರಲ್ಲಿ ಎಕ್ಸ್-ರೇ ಪ್ರಯೋಗವನ್ನು ರೂಢಿಗೆ ತಂದ. ಅದು ಲೋಕದ ಹಲವೆಡೆ ಹಬ್ಬಿತು. ಇಸ್ರೇಲಿನಲ್ಲಿ 1950ರ ದಶಕದಲ್ಲಿ ವಲಸೆ ಬಂದ ಸಾವಿರಾರು ಮಕ್ಕಳ ತಲೆಗೆ ಹೀಗೆ ಕಿರಣ ಹಾಯಿಸಿದರು. ಅವರಲ್ಲಿ ತಲೆಯ ಗಡ್ಡೆಗಳು ಹೆಚ್ಚಾಗಿರುವುದು 1974ರ ಅಧ್ಯಯನದಲ್ಲಿ ಬಯಲಾಯಿತು. ಪರಿಹಾರದ ಕಾನೂನು ಬಂದುದು 1994ರಲ್ಲಿ. ರೋಗ ಕೊಲ್ಲುವಂಥದಾಗಿರಲಿಲ್ಲ, ರೋಗದ ಭಯ ಅದಕ್ಕಿಂತ ಕ್ರೂರವಾಯಿತು.

ಮದ್ದು ಸಿಕ್ಕಿದುದು ಇನ್ನೊಂದು ಬೂಷ್ಟಿನಿಂದಲೇ. ಪೆನಿಸಿಲಿಯಮ್ ಜಾತಿಯ ಬೂಷ್ಟಿನಿಂದ 1939ರಲ್ಲಿ ಬೇರ್ಪಡಿಸಿದ್ದ ಗ್ರೀಸಿಯೋಫಲ್ವಿನ್ ಎಂಬ ವಸ್ತುವನ್ನು ಬಾಯಿಯ ಮೂಲಕ ಕೊಟ್ಟರೆ ಗಿನಿಯಿಲಿಗಳ ಈ ರೋಗ ಗುಣವಾಗುವುದೆಂದು 1958ರಲ್ಲಿ ಜೆಂಟಲ್ಸ್ ತೋರಿಸಿದ. ಅಂದರೆ ಕೆಂಚನನ್ನು ಹೊಳೆಯಾಚೆ ಬಿಟ್ಟುಬರುವ 13 ವರ್ಷ ಮೊದಲೇ ಈ ಮದ್ದಿನ ಗುಣ ಲೋಕಕ್ಕೆ ತಿಳಿದಿತ್ತು. ಈಗ ಅದಕ್ಕಿಂತ ಒಳ್ಳೆಯ ಔಷಧಿಗಳಿವೆ. ಕೂದಲಿನ ತುಣುಕುಗಳಲ್ಲಿ ರೋಗದ ಬೀಜ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ನಾಯಿಯ ಹಾಸಿಗೆಯನ್ನು ಒಗೆಯಬೇಕು, ನೆಲ ಗುಡಿಸಬೇಕು, ಮುಟ್ಟಿದ ಕೈ ತೊಳೆಯಬೇಕು. ಮಾಡಬೇಕಾದುದು ಇಷ್ಟೇ.

ಮೊಮ್ಮಗನ ಮರಿ ಎರಡು ತಿಂಗಳಲ್ಲಿ ಗುಣವಾಯಿತು. ಮೈತುಂಬ ಹೊಸ ಕೂದಲು ಬಂತು. ತಂಗಿಗೆ ಫೋನು ಮಾಡಿ ಈ ವಿಷಯವನ್ನೆಲ್ಲ ಹೇಳಿದೆ. ಅವಳ ತೋಳಿನಲ್ಲಿ ಈಗ ಗುರುತೇನೂ ಉಳಿದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: "ಅಣ್ಣಾ, ಆವತ್ತು ಕೆಂಚನಿಗೂ ಒಂದಿಷ್ಟು ತಗಚೆ ಹಚ್ಚಬಹುದಿತ್ತಲ್ಲವೇ?"

ಹಚ್ಚಬಹುದಿತ್ತು. ಅರೆದ ಮದ್ದು ಬಟ್ಟಲಿನಲ್ಲಿ ಉಳಿದಿತ್ತು ಕೂಡ.