ಕೇಜು ಓಲಾಡದ ಹಾಗೆ

ಸೇದುವ ಬಾವಿಯಲ್ಲಿ ಕೊಡ ಗೋಡೆಗೆ ತಗುಲಿದರೆ ಒಂದಿಷ್ಟು ನೀರು ತುಳುಕುತ್ತದೆ, ಅಷ್ಟೇ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಹಾಗೆ ಉದುರಿ ಬೀಳುತ್ತಿದ್ದುದು ಕಲ್ಲಿದ್ದಲು; ಒಮ್ಮೊಮ್ಮೆ ಮನುಷ್ಯರು. ಕಡ್ಡಿಯಿಂದ ಹೆಣೆದ ಬುಟ್ಟಿಗಳು ಹಗ್ಗದ ತುದಿಯಲ್ಲಿ ಓಲಾಡುತ್ತ ಏರಿಳಿಯುತ್ತಿದ್ದವು. ಏರುವ ಬುಟ್ಟಿಗೂ ಇಳಿಯುವ ಬುಟ್ಟಿಗೂ ನಡುದಾರಿಯಲ್ಲಿ ಡಿಕ್ಕಿಯಾಗುವ ಭಯ. ಆಳುಗಳು ಹಗ್ಗದ ಕುಣಿಕೆಯೊಳಗೆ ಕಾಲು ತೂರಿಸಿಕೊಂಡು ಇಳಿಯುತ್ತಿದ್ದರು. ಎಂಜಿನ್ನಿಗೆ ಇನ್ನೂ ಜೋರಾಗಿ ಎಳೆಯುವ ಕಸುವಿದ್ದರೂ ಅದನ್ನು ನಿಧಾನಕ್ಕೇ ಓಡಿಸಬೇಕಿತ್ತು.

ಈ ಓಲಾಟಕ್ಕೆ ಕಡಿವಾಣ ಹಾಕಿದವನು ಜಾನ್ ಕರ್. ಶೆಫೀಲ್ಡಿನಲ್ಲಿ ನಾರ್ಫೋಕ್ ಡ್ಯೂಕ್‌ನ ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಈತ ಶಾಫ್ಟಿನ, ಅಂದರೆ ಗಣಿಬಾವಿಯ, ಉದ್ದಕ್ಕೂ ಮರದ ಪಟ್ಟಿಗಳನ್ನು ನಿಲ್ಲಿಸಿ, ಬುಟ್ಟಿ ತೂಗುವ ಅಡ್ಡಪಟ್ಟಿಯ ತುದಿಗಳು ಅವುಗಳ ಗುಂಟ ಜಾರುವಂತೆ ಮಾಡಿ, 1788ರಲ್ಲಿ ಪೇಟೆಂಟ್ ಪಡೆದ. ಈ ಪಟ್ಟಿಗಳೇ ‘ಗೈಡ್’ಗಳು. ಮುಂದೆ ಬುಟ್ಟಿಯ ಜಾಗಕ್ಕೆ ಪಂಜರದಂಥ ಕಬ್ಬಿಣದ ಕೇಜು ಬಂತು. 1834ರಲ್ಲಿ ಜರ್ಮನಿಯ ಕ್ಲೌಸ್ಟಾಲ್‌ನಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ತಂತಿ ಹಗ್ಗವನ್ನು ಗಣಿಗೆ ಇಳಿಸಿದ. ಇತಿಹಾಸದಲ್ಲಿ ಆ ಹಗ್ಗಕ್ಕೆ ಸಿಕ್ಕ ಹೆಸರು ಕರ್‌ನ ಪಟ್ಟಿಗಳಿಗೆ ಸಿಗಲಿಲ್ಲ. ಇದು ಅನ್ಯಾಯವೇ ಸರಿ: ಹಗ್ಗ ಎಷ್ಟೇ ಗಟ್ಟಿಯಿರಲಿ, ಗೈಡ್ ಇಲ್ಲದ ಕೇಜನ್ನು ವೇಗವಾಗಿ ಎಳೆಯುವ ಧೈರ್ಯ ಯಾರಿಗಿದೆ?

ಬ್ರಿಟನ್ನಿನ ಅನೇಕ ಕಲ್ಲಿದ್ದಲು ಗಣಿಗಳು ಆಮೇಲೆ ಮರ ಬಿಟ್ಟು ತಂತಿ ಹಗ್ಗವನ್ನೇ ಗೈಡ್ ಮಾಡಿಕೊಂಡವು. ಮೇಲಿನಿಂದ ಇಳಿಬಿಟ್ಟ ಹಗ್ಗಗಳ ಬುಡಕ್ಕೆ ಟನ್‌ಗಟ್ಟಲೆ ಕಬ್ಬಿಣದ ತೂಕ ಕಟ್ಟಿ ಬಿಗಿಯುತ್ತಿದ್ದರು. ಇದರಲ್ಲೊಂದು ಜಾಣತನವಿದೆ. ಎಲ್ಲ ಹಗ್ಗಕ್ಕೂ ಒಂದೇ ತೂಕ ಕಟ್ಟುವುದಿಲ್ಲ. ಕಟ್ಟಿದರೆ ಎಲ್ಲವೂ ಒಂದೇ ತಾಳದಲ್ಲಿ ತೂಗಾಡತೊಡಗಿ ಕೇಜನ್ನೂ ತೂಗಾಡಿಸುತ್ತವೆ. ಎರಡು ಕೇಜುಗಳು ಎದುರಾಗುವಾಗ ಒಂದಕ್ಕೊಂದು ಬಡಿಯದಿರಲೆಂದು ನಡುವೆ ಬೇರೆಯೇ ಹಗ್ಗಗಳನ್ನು ಇಳಿಬಿಡುವುದೂ ಉಂಟು.

ಕೋಲಾರದ ಚಿನ್ನದ ಗಣಿಯದು ಬೇರೆ ಕಥೆ. ಜಾನ್ ಟೇಲರ್ ಕಂಪನಿ 1880ರ ಹೊತ್ತಿಗೆ ಅಲ್ಲಿ ಕಾಲಿಟ್ಟಾಗ ಶಾಫ್ಟುಗಳು ಅದಿರಿನ ಪದರದ ಜಾಡು ಹಿಡಿದು ಓರೆಯಾಗಿ ಇಳಿಯುತ್ತಿದ್ದವು. ಓರೆ ಶಾಫ್ಟಿನಲ್ಲಿ ಸ್ಕಿಪ್, ಅಂದರೆ ಅದಿರು ತುಂಬುವ ತೊಟ್ಟಿ, ತನ್ನ ಭಾರದ ಒಂದು ಪಾಲನ್ನು ಹಳಿಯ ಮೇಲೆ ಊರಿರುತ್ತದೆ, ಹಾಗಾಗಿ ಓಲಾಟದ ಪ್ರಶ್ನೆಯೇ ಇಲ್ಲ. ನೆಟ್ಟಗಿನ ಶಾಫ್ಟುಗಳು ಬಂದ ಮೇಲೆ ಗೈಡ್‌ಗಳ ಕೆಲಸ ದೊಡ್ಡದಾಯಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಷ್ಟು ಆಳಕ್ಕೆ ಒಂದೇ ಓಟದಲ್ಲಿ ಇಳಿಯುವಂತಿರಲಿಲ್ಲ, ನೆಲದಡಿಯಲ್ಲೇ ಕೇಜು ಬದಲಿಸಬೇಕಿತ್ತು. ಜತೆಗೆ ಬಂಡೆ ಸಿಡಿಯುವ ಕಾಟ. ಬಂಡೆ ಒಂದಿಷ್ಟು ಸರಿದರೂ ಅದಕ್ಕೆ ಕಚ್ಚಿಸಿದ, ಗೈಡುಗಳನ್ನು ಹೊತ್ತ ಅಡ್ಡತೊಲೆ ಸರಿಯುತ್ತದೆ, ತೊಲೆಯ ಜತೆ ಗೈಡೂ ಸೊಟ್ಟಗಾಗುತ್ತದೆ.

ಕೇಜು ಸೆಕೆಂಡಿಗೆ ಹದಿನೈದು ಮೀಟರ್ ಓಡುವ ಆಳದ ಗಣಿಯಲ್ಲಿ ಸೊಟ್ಟಗಾದ ಗೈಡು ಸಣ್ಣ ವಿಷಯವಲ್ಲ. ಎರಡು ಗೈಡುಗಳು ಕೂಡುವ ಕಡೆ ಕೆಲವು ಮಿಲಿಮೀಟರ್ ಏರುಪೇರಾದರೂ ಕೇಜಿಗೆ ಪಕ್ಕದಿಂದ ಏಟು ಬೀಳುತ್ತದೆ. ತೊಲೆಗಳು ಸಮ ಅಂತರದಲ್ಲಿರುವುದರಿಂದ ಏಟೂ ಲಯಬದ್ಧವಾಗಿ ಮರುಕಳಿಸಿ, ಓಲಾಟ ಹೆಚ್ಚುತ್ತ ಹೋಗಬಹುದು. ಅದಕ್ಕೇ ಕೇಜಿನ ಮೂಲೆಗಳಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ರಬ್ಬರ್ ರೋಲರುಗಳು ಗೈಡನ್ನು ಮೂರೂ ಬದಿಯಿಂದ ಒತ್ತಿಕೊಂಡಿರುತ್ತವೆ. ಅವು ಕೈಕೊಟ್ಟರೆ ಕೇಜಿಗೆ ಬಿಗಿದ ಉಕ್ಕಿನ ಶೂ, ಅಂದರೆ ಗೈಡಿನ ಗುಂಟ ಜಾರುವ ತುಂಡು, ಗೈಡಿಗೆ ಆತುಕೊಳ್ಳುತ್ತದೆ. ತಪಾಸಣೆಯ ಪಾಳಿಯಲ್ಲಿ ಕೇಜಿನ ನೆತ್ತಿಯ ಮೇಲೆ ನಿಂತವರು ಸೊಂಟಕ್ಕೆ ಬೆಲ್ಟ್ ಬಿಗಿದು, ಆಮೆವೇಗದಲ್ಲಿ ಇಳಿಯುತ್ತ, ಸಡಿಲ ಬೋಲ್ಟು, ಸವೆದ ಅಂಚುಗಳನ್ನು ಬ್ಯಾಟರಿ ಬೆಳಕಲ್ಲಿ ಹುಡುಕುತ್ತಾರೆ.

ಹಗ್ಗ ಹರಿದಾಗ ಕೇಜನ್ನು ತಡೆಯುವ ಹೊಣೆಯನ್ನೂ ಗೈಡಿನ ಹೆಗಲಿಗೇ ಹಾಕಿದರು. 1840ರ ದಶಕದಿಂದಲೇ ಇಂಗ್ಲೆಂಡಿನಲ್ಲಿ ಗೈಡನ್ನು ಕಚ್ಚಿ ನಿಲ್ಲಿಸುವ ಹಿಡಿಕೆಗಳು ಬಂದವು. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಲಿಫ್ಟು ತಯಾರಕ ಎಲಿಷಾ ಓಟಿಸ್ ತಾನು ನಿಂತಿದ್ದ ಕಟ್ಟೆಯ ಹಗ್ಗವನ್ನೇ ಕಡಿಸಿದಾಗ ಅವನನ್ನು ಉಳಿಸಿದ್ದು ಗೈಡಿನ ಹಲ್ಲುಗಳಿಗೆ ಸಿಕ್ಕಿಕೊಂಡ ಕೊಕ್ಕೆಗಳು. ಲಿಫ್ಟಿನವರಿಗೆ ಇದು ವರವಾಯಿತು. ಬ್ರಿಟಿಷ್ ಗಣಿ ಎಂಜಿನಿಯರುಗಳು ಮಾತ್ರ ಮೂಗು ಮುರಿದರು: ಹಗ್ಗ ನೆಟ್ಟಗಿರುವಾಗಲೂ ಈ ಹಿಡಿಕೆ ಸುಮ್ಮಸುಮ್ಮನೆ ಕಚ್ಚಿಕೊಳ್ಳುತ್ತದೆಂಬುದು ಅವರ ದೂರು. ಉತ್ತರ ಅಮೆರಿಕದ ಲೋಹದ ಗಣಿಗಳು ಅದನ್ನು ಬಿಡಲಿಲ್ಲ. ಹಿಡಿಕೆಯ ಹಲ್ಲು ಕಚ್ಚಲು ಉಕ್ಕಿಗಿಂತ ಮರವೇ ವಾಸಿ. ಅಲ್ಲಿ ಮರದ ಗೈಡುಗಳು ಬಹುಕಾಲ ಉಳಿದುಕೊಂಡದ್ದಕ್ಕೆ ಅದೂ ಒಂದು ಕಾರಣ.